ಪ್ರವಾಸಿಗರು ಬಂದರೆ ಊರು ಉಳಿಯುತ್ತದೆಯೇ?

ಜನ ಬಿಟ್ಟುಹೋಗುತ್ತಿರುವ ನಗರಗಳಿಗೆ ಪ್ರವಾಸೋದ್ಯಮದಿಂದ ಮರುಜೀವ ಬರುತ್ತದೆಯೇ ಎಂದು ಕೇಳಿದ್ದೀರಿ. ಪ್ರವಾಸಿಗರನ್ನು ಬರಮಾಡಿಕೊಳ್ಳುವುದು ಸಾಧ್ಯ, ಆದರೆ ಅಷ್ಟರಿಂದಲೇ ನಿವಾಸಿಗಳು ಊರಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಜಪಾನಿನ ಹೊಕ್ಕೈಡೊ ದ್ವೀಪದ ಯುಬಾರಿಯನ್ನು ನೋಡಿ.

1960ರಲ್ಲಿ ಈ ಕಲ್ಲಿದ್ದಲು ನಗರದ ಜನಸಂಖ್ಯೆ ಸುಮಾರು 1.17 ಲಕ್ಷ. ತೈಲದ ಬಳಕೆ ಹೆಚ್ಚಿದಂತೆ ಗಣಿಗಳು ಒಂದೊಂದಾಗಿ ಮುಚ್ಚಿ, 1990ರಲ್ಲಿ ಕೊನೆಯದೂ ನಿಂತಿತು. ಅಷ್ಟರಲ್ಲಾಗಲೇ ನಗರಾಡಳಿತ ಪ್ರವಾಸೋದ್ಯಮವನ್ನು ನೆಚ್ಚಿಕೊಂಡು ಕಲ್ಲಿದ್ದಲು ವಸ್ತುಸಂಗ್ರಹಾಲಯ ಮತ್ತು ಮನೋರಂಜನಾ ಉದ್ಯಾನಗಳನ್ನು ಕಟ್ಟಿಸಿತ್ತು. ಮುಂದೆ ಚಲನಚಿತ್ರೋತ್ಸವವನ್ನೂ ಆರಂಭಿಸಿ, ಖಾಸಗಿಯವರು ಕೈಬಿಟ್ಟ ಹೋಟೆಲು ಹಾಗೂ ಸ್ಕೀ ತಾಣವನ್ನು ತಾನೇ ಕೊಂಡುಕೊಂಡಿತು. ತೆರಿಗೆ ಕಟ್ಟುವವರು ಕಡಿಮೆಯಾಗುತ್ತಿರುವಾಗ ಸಾಲ ಮಾತ್ರ ಬೆಳೆಯಿತು.

ಅದನ್ನು ಮುಚ್ಚಿಟ್ಟ ಬಗೆ ಗಮನಾರ್ಹ. ಜಪಾನಿನಲ್ಲಿ ಸ್ಥಳೀಯ ಸಂಸ್ಥೆಗಳ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿದರೂ ಲೆಕ್ಕ ಚುಕ್ತಾ ಮಾಡಲು ಮೇ ಅಂತ್ಯದವರೆಗೆ ಅವಕಾಶವಿದೆ. ಆ ಎರಡು ತಿಂಗಳಲ್ಲಿ ಹೊಸ ವರ್ಷದ ಹಣವನ್ನು ಹಳೆಯ ವರ್ಷದ ಜಮೆಯಲ್ಲಿ ತೋರಿಸಿ, ಅಲ್ಪಾವಧಿ ಸಾಲ ತಂದು ತೂಗಿಸುತ್ತ, ಕೊರತೆಯನ್ನು ವರ್ಷದಿಂದ ವರ್ಷಕ್ಕೆ ದಾಟಿಸುತ್ತಿದ್ದರು. 2006ರಲ್ಲಿ ಇದು ಬಯಲಾಯಿತು. ತೀರಿಸಬೇಕಾದ ಮೊತ್ತ ಸುಮಾರು 3,500 ಕೋಟಿ ಯೆನ್ ಎಂದು ಲೆಕ್ಕವಾಯಿತು. ತಪ್ಪೆಲ್ಲ ಪ್ರವಾಸೋದ್ಯಮದ್ದೇ ಎನ್ನಲಾಗದು: ಗಣಿ ಕಂಪನಿ ಬಿಟ್ಟುಹೋದ ವಸತಿ, ಆಸ್ಪತ್ರೆಗಳ ಹೊರೆಯೂ ನಗರದ ತಲೆಗೇ ಬಿದ್ದಿತ್ತು.

ಸಾಲ ತೀರಿಸಲು 171 ಹಾಸಿಗೆಗಳ ಆಸ್ಪತ್ರೆಯನ್ನು 19 ಹಾಸಿಗೆಗಳ ಚಿಕಿತ್ಸಾಲಯಕ್ಕೆ ಇಳಿಸಲಾಯಿತು, ಪ್ರಾಥಮಿಕ ಶಾಲೆಗಳನ್ನೆಲ್ಲ ಒಂದರಲ್ಲಿ ವಿಲೀನಗೊಳಿಸಲಾಯಿತು. ಮಕ್ಕಳಿರುವ ಕುಟುಂಬಗಳು ಅಂಥಲ್ಲಿ ಯಾಕೆ ಉಳಿದಾವು? 2020ರ ಹೊತ್ತಿಗೆ ಜನಸಂಖ್ಯೆ 7,300ರ ಆಸುಪಾಸಿಗೆ ಕುಸಿದಿತ್ತು.

ಇದಕ್ಕೆ ಪ್ರತಿಯಾಗಿ ಸ್ಪೇನಿನ ಬಿಲ್ಬಾವೊವನ್ನು ಹೆಸರಿಸುವವರಿದ್ದಾರೆ. 1997ರಲ್ಲಿ ತೆರೆದ ಗುಗೆನ್‌ಹೈಮ್ ಸಂಗ್ರಹಾಲಯ ಅಲ್ಲಿ ಯಶಸ್ವಿಯಾದದ್ದು ನಿಜ. ಆದರೆ ಅದರ ಜೊತೆಗೆ ನದಿಯನ್ನು ಶುದ್ಧಗೊಳಿಸಿದರು, ಮೆಟ್ರೊ ಓಡಿಸಿದರು, ಬಂದರನ್ನು ಸಮುದ್ರದತ್ತ ಸರಿಸಿದರು. ಇಷ್ಟಾದರೂ ಜನಸಂಖ್ಯೆ 3.5 ಲಕ್ಷದ ಸುತ್ತಮುತ್ತಲೇ ನಿಂತಿದೆ.

ನಮ್ಮ ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೂ ಅನೇಕ ಕುಟುಂಬಗಳು ಅಲ್ಲೇ ಉಳಿದಿರುವುದಕ್ಕೆ, ದಿನವೂ ದುಡಿಯುವವರನ್ನು ಬೆಂಗಳೂರಿಗೆ ಕರೆದೊಯ್ದು ರಾತ್ರಿ ಮನೆ ಮುಟ್ಟಿಸುವ ರೈಲು ದೊಡ್ಡ ಕಾರಣ. ಯುಬಾರಿಗೆ ಹೋಗುತ್ತಿದ್ದ ರೈಲು ಮಾರ್ಗವನ್ನು 2019ರಲ್ಲಿ ಮುಚ್ಚಲಾಯಿತು.