ಸಿಂಪಲ್ ಸಾಕಾ, ಅಡ್ವಾನ್ಸ್ಡ್ ಬೇಕಾ?

ಈ ಸಲ ಬಂದ ಪ್ರಶ್ನೆಗಳೆಲ್ಲ ಸ್ಯಾಟಲೈಟ್ ರಿಸೀವರಿನ ಟ್ಯೂನರ್ ಮೆನು ಸುತ್ತಲೇ ಇವೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೂ ಉಪಯೋಗ ಆಗುತ್ತದೆ ಅಂತ ಒಟ್ಟಿಗೇ ಹಾಕಿದ್ದೇವೆ.

ಪ್ರಶ್ನೆ: ಹೊಸದಾಗಿ ಎನಿಗ್ಮಾ2 (ಲಿನಕ್ಸ್ ಮೇಲೆ ನಡೆಯುವ ರಿಸೀವರ್ ಸಾಫ್ಟ್‌ವೇರ್) ಇರುವ ಬಾಕ್ಸ್ ತಗೊಂಡಿದ್ದೇನೆ. ಟ್ಯೂನರ್ ಸೆಟ್ಟಿಂಗ್‌ಗೆ ಹೋದರೆ ಸಿಂಪಲ್, ಅಡ್ವಾನ್ಸ್ಡ್ ಅಂತ ಎರಡು ಕಾಣಿಸುತ್ತವೆ. ಸಿಂಪಲ್ ಇಟ್ಟರೆ ಸಿಗ್ನಲ್ ಪೂರ್ತಿ ಬರಲ್ಲ, ಗೊತ್ತಿರುವವರು ಅಡ್ವಾನ್ಸ್ಡ್ ಇಡುತ್ತಾರೆ ಅಂತಾನೆ ಗೆಳೆಯ. ನನ್ನದು ಒಂದೇ ಡಿಶ್, ಒಂದೇ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ತಲೆ). ಏನು ಮಾಡಲಿ?

ಉತ್ತರ: ಸಿಂಪಲ್‌ನಲ್ಲೇ ಇರಲಿ ಬಿಡಿ. ಸಿಗ್ನಲ್ ಎಷ್ಟು ಬರುತ್ತದೆ ಅನ್ನುವುದು ಡಿಶ್ ಎಷ್ಟು ದೊಡ್ಡದು, ಯಾವ ಕಡೆ ತಿರುಗಿದೆ, ಎಲ್‌ಎನ್‌ಬಿ ಹೇಗಿದೆ, ಕೇಬಲ್ ಎಷ್ಟು ಉದ್ದ ಇದೆ ಅನ್ನುವುದರ ಮೇಲೆ ನಿಂತಿದೆ. ಸರಿಯಾಗಿ ನಡೆಯುತ್ತಿರುವ ಬಾಕ್ಸ್‌ನಲ್ಲಿ ಮೋಡ್ ಬದಲಾಯಿಸಿದರೆ ಒಂದು ಡೆಸಿಬಲ್ ಕೂಡ ಜಾಸ್ತಿ ಆಗುವುದಿಲ್ಲ.

ಎರಡೂ ಮೋಡ್ ಮಾಡುವುದು ಒಂದೇ ಲೆಕ್ಕ. ಸಿಂಪಲ್ ಮೋಡ್ ಕೆಲವು ಸಂಖ್ಯೆಗಳನ್ನು ನಿಮ್ಮನ್ನು ಕೇಳದೆ ತಾನೇ ಹಾಕಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮಲ್ಲಿರುವುದು ಯೂನಿವರ್ಸಲ್ ಎಲ್‌ಎನ್‌ಬಿ ಅಂತ ಅದು ಅಂದುಕೊಳ್ಳುತ್ತದೆ. ಈ ಎಲ್‌ಎನ್‌ಬಿಗೆ ಎರಡು ಲೋಕಲ್ ಆಸಿಲೇಟರ್ ಫ್ರೀಕ್ವೆನ್ಸಿ, ಅಂದರೆ ಚಾನೆಲ್ ಫ್ರೀಕ್ವೆನ್ಸಿಯಿಂದ ಕಳೆಯುವ ಸಂಖ್ಯೆ: 9750 ಮತ್ತು 10600 ಮೆಗಾಹರ್ಟ್ಸ್. ಚಾನೆಲ್ 11700ಕ್ಕಿಂತ ಕೆಳಗಿದ್ದರೆ ಮೊದಲನೆಯದು, ಮೇಲಿದ್ದರೆ ಎರಡನೆಯದು. ನೀವು 10800ರಲ್ಲಿರುವ ಚಾನೆಲ್ ಒತ್ತಿದರೆ ಬಾಕ್ಸ್ ಅದರಿಂದ 9750 ಕಳೆದು 1050ಕ್ಕೆ ಟ್ಯೂನ್ ಆಗುತ್ತದೆ. 11900 ಒತ್ತಿದರೆ 10600 ಕಳೆದು 1300ಕ್ಕೆ ಹೋಗುತ್ತದೆ, ಜೊತೆಗೆ ಮೇಲಿನ ಬ್ಯಾಂಡ್ ಬೇಕು ಅಂತ ಎಲ್‌ಎನ್‌ಬಿಗೆ ತಿಳಿಸೋಕೆ ಕೇಬಲ್ ಮೇಲೆ 22 ಕಿಲೋಹರ್ಟ್ಸ್ ಟೋನ್ ಕಳಿಸುತ್ತದೆ. ಚಾನೆಲಿನ ಪೋಲರೈಸೇಶನ್ (ಅಲೆ ಯಾವ ದಿಕ್ಕಿನಲ್ಲಿ ಆಡುತ್ತದೆ ಅನ್ನುವುದು) ವರ್ಟಿಕಲ್ ಆದರೆ 13 ವೋಲ್ಟ್, ಹಾರಿಜಾಂಟಲ್ ಆದರೆ 18 ವೋಲ್ಟ್. ಅಡ್ವಾನ್ಸ್ಡ್‌ಗೆ ಹೋದರೆ ಇದೇ ಸಂಖ್ಯೆಗಳು ಬೇರೆ ಬೇರೆ ಸಾಲಾಗಿ ನಿಮ್ಮ ಕಣ್ಣಿಗೆ ಬೀಳುತ್ತವೆ, ತಿದ್ದಲೂ ಬರುತ್ತದೆ. ತಿದ್ದುವಂಥದ್ದೇನೂ ಇಲ್ಲದಿದ್ದಾಗ ಅಲ್ಲಿಗೆ ಹೋಗಿ ಸುಮ್ನೆ ಬೆರಳಾಡಿಸುವುದು ಯಾಕೆ?

ನಿಮ್ಮ ಸಾಮಾನು ಈ ಲೆಕ್ಕದಿಂದ ಎಲ್ಲಿ ಬೇರೆಯಾಗುತ್ತದೋ ಆ ಸಾಲಿಗೋಸ್ಕರ ಮಾತ್ರ ಅಡ್ವಾನ್ಸ್ಡ್ ತೆರೆಯಿರಿ. ಟಿವಿಹೆಡ್‌ಎಂಡ್ ಅನ್ನುವ ಸಾಫ್ಟ್‌ವೇರ್ ಇದನ್ನು ಮೆನುವಿನಲ್ಲೇ ಬರೆದುಬಿಟ್ಟಿದೆ. ಅಲ್ಲಿ ಯೂನಿವರ್ಸಲ್ ಎಲ್‌ಎನ್‌ಬಿಗೆ, ನಾಲ್ಕು ಪೋರ್ಟ್ ಸ್ವಿಚ್‌ಗೆ (ನಾಲ್ಕು ಎಲ್‌ಎನ್‌ಬಿಯನ್ನು ಒಂದೇ ಕೇಬಲ್‌ಗೆ ಸೇರಿಸುವುದು) ಬೇರೆ ಬೇರೆ ಆಯ್ಕೆಗಳಿವೆ. ಅಡ್ವಾನ್ಸ್ಡ್ ಪಕ್ಕದಲ್ಲಿ ಯೂನಿವರ್ಸಲ್ ಅಲ್ಲದ ಎಲ್‌ಎನ್‌ಬಿ, ರೋಟರ್ (ಡಿಶ್ ತಿರುಗಿಸುವ ಮೋಟರ್) ಇತ್ಯಾದಿಗೆ ಅಂತ ಹಾಕಿದ್ದಾರೆ. ಎಲ್ಲ ಬಾಕ್ಸ್‌ನವರೂ ಹೀಗೆ ಬರೆದಿದ್ದರೆ ನಿಮ್ಮ ಗೆಳೆಯರಂಥವರ ಮಾತು ಅರ್ಧಕ್ಕರ್ಧ ನಿಂತುಹೋಗುತ್ತಿತ್ತು.

ಪ್ರಶ್ನೆ: ಹಳೆಯ ಎಲ್‌ಎನ್‌ಬಿ ಒಂದಿತ್ತು, ಹಾಕಿ ಬ್ಲೈಂಡ್ ಸ್ಕ್ಯಾನ್ (ಪಟ್ಟಿ ನೋಡದೆ ಇಡೀ ಬ್ಯಾಂಡ್ ಹುಡುಕುವುದು) ಮಾಡಿದೆ. ಚಾನೆಲ್‌ಗಳು ಸಿಕ್ಕವು, ಆದರೆ ಒಂದೊಂದೂ ಎರಡೆರಡು ಸಲ! ಫ್ರೀಕ್ವೆನ್ಸಿ ಕೂಡ ಪಟ್ಟಿಯಲ್ಲಿರುವ ಯಾವುದಕ್ಕೂ ಹೊಂದುವುದಿಲ್ಲ. ಬಾಕ್ಸ್ ಕೆಟ್ಟಿದೆಯಾ?

ಉತ್ತರ: ಬಾಕ್ಸ್ ಕೆಟ್ಟಿಲ್ಲ. ಎಲ್‌ಎನ್‌ಬಿ ಮೇಲಿನ ಚೀಟಿ ನೋಡಿ. ಎಲ್.ಒ. (ಲೋಕಲ್ ಆಸಿಲೇಟರ್) ಅಂತ ಒಂದೇ ಸಂಖ್ಯೆ ಇರುತ್ತದೆ, ಬಹುಶಃ 10750 ಅಥವಾ 10.75. ಅಂದರೆ ಅದು ಯೂನಿವರ್ಸಲ್ ಅಲ್ಲ, ಟೋನ್ ಬಂದರೂ ಬಾರದಿದ್ದರೂ ಅದಕ್ಕೆ ಒಂದೇ.

ನಿಜವಾದ ಫ್ರೀಕ್ವೆನ್ಸಿ 12150 ಇರುವ ಒಂದು ಟ್ರಾನ್ಸ್‌ಪಾಂಡರ್ (ಸ್ಯಾಟಲೈಟ್ ಒಂದು ಫ್ರೀಕ್ವೆನ್ಸಿಯಲ್ಲಿ ಕಳಿಸುವ ಚಾನೆಲ್‌ಗಳ ಗುಂಪು) ತಗೊಳ್ಳಿ. ನಿಮ್ಮ ಎಲ್‌ಎನ್‌ಬಿ ಅದರಿಂದ 10750 ಕಳೆದು 1400ರಲ್ಲಿ ಕೆಳಗೆ ಕಳಿಸುತ್ತದೆ. ಬಾಕ್ಸ್‌ಗೆ ಇದು ಗೊತ್ತಿಲ್ಲ. ಕೆಳಗಿನ ಬ್ಯಾಂಡ್ ಹುಡುಕುವಾಗ 1400ರಲ್ಲಿ ಏನೋ ಸಿಕ್ಕಿತು ಅಂತ 9750 ಕೂಡಿಸಿ 11150 ಅಂತ ಬರೆದುಕೊಳ್ಳುತ್ತದೆ. ಆಮೇಲೆ ಮೇಲಿನ ಬ್ಯಾಂಡ್‌ಗೆ ಬಂದಾಗ ಅದೇ 1400ಕ್ಕೆ 10600 ಕೂಡಿಸಿ 12000 ಅಂತ ಇನ್ನೊಮ್ಮೆ ಬರೆದುಕೊಳ್ಳುತ್ತದೆ. ಒಂದು 1000 ಕಡಿಮೆ, ಇನ್ನೊಂದು 150 ಕಡಿಮೆ, ಎರಡೂ ಸುಳ್ಳು. ನಿಮ್ಮ ಪಟ್ಟಿಯಲ್ಲೂ ಜೋಡಿಗಳ ನಡುವಿನ ಅಂತರ ಕಳೆದು ನೋಡಿ, 850 ಬಂದರೆ ಅನುಮಾನವೇ ಬೇಡ.

ಇದು ನಿಜವಾಗಲೂ ಅಡ್ವಾನ್ಸ್ಡ್ ಕೆಲಸ. ಆ ಸ್ಯಾಟಲೈಟ್‌ಗೆ ಎಲ್‌ಎನ್‌ಬಿ 1 ಅಂತ ಆರಿಸಿ. ಎಲ್‌ಒಎಫ್ (ಲೋಕಲ್ ಆಸಿಲೇಟರ್ ಫ್ರೀಕ್ವೆನ್ಸಿ) ಸಾಲಿನಲ್ಲಿ ಯೂನಿವರ್ಸಲ್ ಬದಲು ಯೂಸರ್ ಡಿಫೈನ್ಡ್ ಇಡಿ. ಆಗ ಎರಡು ಎಲ್‌ಒಎಫ್ ಸಾಲು, ಒಂದು ಥ್ರೆಶೋಲ್ಡ್ (ಬ್ಯಾಂಡ್ ಬದಲಾಗುವ ಗಡಿ) ಸಾಲು ತೆರೆದುಕೊಳ್ಳುತ್ತವೆ. ಎರಡು ಎಲ್‌ಒಎಫ್‌ನಲ್ಲೂ 10750 ಹಾಕಿಬಿಡಿ, ಯಾವ ಬ್ಯಾಂಡ್ ಅಂದುಕೊಂಡರೂ ಲೆಕ್ಕ ತಪ್ಪುವುದಿಲ್ಲ. ಆಮೇಲೆ ಹಳೆಯ ಚಾನೆಲ್ ಪಟ್ಟಿ ಅಳಿಸಿಯೇ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಸುಳ್ಳು ಚಾನೆಲ್‌ಗಳೂ ಹಾಗೇ ಉಳಿದುಕೊಂಡು ಮತ್ತೆ ತಲೆ ಕೆಡಿಸುತ್ತವೆ.

ಸಿ-ಬ್ಯಾಂಡ್ (ಇದಕ್ಕಿಂತ ತುಂಬ ಕೆಳಗಿನ ಫ್ರೀಕ್ವೆನ್ಸಿಗಳು) ಇಟ್ಟುಕೊಂಡವರೂ ಕೇಳಿದ್ದರು. ಅಲ್ಲಿ ಆಸಿಲೇಟರ್ 5150, ಚಾನೆಲ್‌ಗಿಂತ ಮೇಲೆ ಇರುತ್ತದೆ. ಹಾಗಾಗಿ ಕಳೆಯುವುದು ಉಲ್ಟಾ: 5150ರಿಂದ 3800 ಕಳೆದರೆ 1350. ಎನಿಗ್ಮಾ2ನಲ್ಲಿ ಇದಕ್ಕೆ ಸಿ-ಬ್ಯಾಂಡ್ ಅಂತಲೇ ತಯಾರಾದ ಆಯ್ಕೆ ಇದೆ, ಅದನ್ನು ಆರಿಸಿದರೆ ಸಾಕು, ಸಂಖ್ಯೆ ಟೈಪ್ ಮಾಡುವ ಗೋಜಿಲ್ಲ.

ಪ್ರಶ್ನೆ: ಹಾರಿಜಾಂಟಲ್ ಚಾನೆಲ್ ಒಂದೂ ಬರುತ್ತಿಲ್ಲ. ಅಡ್ವಾನ್ಸ್ಡ್‌ಗೆ ಹೋಗಿ ಎಲ್ಲ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ.

ಉತ್ತರ: ಎಲ್ಲ ಬದಲಾಯಿಸಿದ್ದೇ ಈಗ ತೊಂದರೆ, ಯಾವುದು ಮೊದಲಿನ ತಪ್ಪು, ಯಾವುದು ನೀವು ಮಾಡಿದ್ದು ಅಂತ ಹೇಗೆ ಹೇಳೋದು? ಮೊದಲು ಸಿಂಪಲ್‌ಗೆ ವಾಪಸ್ ಬನ್ನಿ. ಹಾರಿಜಾಂಟಲ್ ಇಲ್ಲ ಅಂದರೆ ಹೆಚ್ಚಾಗಿ 18 ವೋಲ್ಟ್ ಎಲ್‌ಎನ್‌ಬಿ ತನಕ ಹೋಗುತ್ತಿಲ್ಲ. ಕನೆಕ್ಟರ್ ಸಡಿಲ, ನೀರು ಇಳಿದ ಕೇಬಲ್, ಸತ್ತ ಸ್ವಿಚ್, ಇವುಗಳಲ್ಲಿ ಒಂದು ಇರಬಹುದು. ನಡುವಿನ ಸ್ವಿಚ್ ತೆಗೆದು ಎಲ್‌ಎನ್‌ಬಿಗೆ ನೇರ ಕೇಬಲ್ ಕೊಟ್ಟು ನೋಡಿ. ಬಂದರೆ ಸ್ವಿಚ್ ಹೋಗಿದೆ.

ಕೇಬಲ್ ತುಂಬ ಉದ್ದ ಇದ್ದು ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತಿದ್ದರೆ ಮಾತ್ರ ಅಡ್ವಾನ್ಸ್ಡ್‌ನಲ್ಲಿ ಒಂದು ಸಾಲು ನೆರವಿಗೆ ಬರುತ್ತದೆ: ಇನ್‌ಕ್ರೀಸ್ಡ್ ವೋಲ್ಟೇಜ್. ಹೆಚ್ಚುಕಡಿಮೆ ಒಂದು ವೋಲ್ಟ್ ಏರಿಸಿ ಕೊಡುತ್ತದೆ. ಅದೇ ಜಾಗದಲ್ಲಿ ವೋಲ್ಟೇಜ್ ಮೋಡ್ ಅಂತ ಇದೆ. ಅದು ಪೋಲರೈಸೇಶನ್ ಅಂತಲೇ ಇರಬೇಕು. ಯಾರಾದರೂ 13 ವೋಲ್ಟ್‌ಗೆ ಕಟ್ಟಿಹಾಕಿದ್ದರೆ ನೀವು ಹೇಳಿದ ತೊಂದರೆಯೇ ಬರುತ್ತದೆ. ಹಾಗೆಯೇ 11700ರ ಮೇಲಿನ ಚಾನೆಲ್ ಮಾತ್ರ ಇಲ್ಲ ಅನ್ನುವವರು ಟೋನ್ ಕಡೆ ನೋಡಿ.

ಪ್ರಶ್ನೆ: ನಾಲ್ಕು ಪೋರ್ಟಿನ ಸ್ವಿಚ್ ಇದ್ದಾಗ ಎಲ್ಲ ಚೆನ್ನಾಗಿತ್ತು. ಈಗ ಇನ್ನೊಂದು ನಾಲ್ಕು ಪೋರ್ಟಿನದು ತಂದು, ಎರಡಕ್ಕೂ ಮುಂದೆ ಡೈಸೆಕ್ (ಯಾವ ಎಲ್‌ಎನ್‌ಬಿ ಬೇಕು ಅಂತ ಬಾಕ್ಸ್ ಕೇಬಲ್ ಮೇಲೆ ತಿಳಿಸುವ ಪದ್ಧತಿ) 1.1 ಸ್ವಿಚ್ ಹಾಕಿ ಎಂಟು ಎಲ್‌ಎನ್‌ಬಿ ಜೋಡಿಸಿದೆ. ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಚಾನೆಲ್ ಹಿಂದೆ ಮುಂದೆ ಮಾಡಿದರೆ ಬರುತ್ತದೆ.

ಉತ್ತರ: ಕೊನೆಯ ವಾಕ್ಯದಲ್ಲೇ ಸುಳಿವು ಕೊಟ್ಟಿದ್ದೀರಿ. ಯೂಟೆಲ್‌ಸ್ಯಾಟ್ ಮಾಡಿದ ಈ ಡೈಸೆಕ್ ಪದ್ಧತಿಯಲ್ಲಿ 1.0 ಅಂದರೆ ನಾಲ್ಕು ಎಲ್‌ಎನ್‌ಬಿ ತನಕ, ಅಷ್ಟನ್ನು ಸಿಂಪಲ್ ಮೋಡ್ ಎ, ಬಿ, ಸಿ, ಡಿ ಅಂತ ಆರಾಮಾಗಿ ನೋಡಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಅಡ್ವಾನ್ಸ್ಡ್ ಬೇಕೇ ಬೇಕು. ಅಲ್ಲಿ ಅದೇ ನಾಲ್ಕು ಪೋರ್ಟ್ ಎಎ, ಎಬಿ, ಬಿಎ, ಬಿಬಿ ಅಂತ ಕಾಣುತ್ತವೆ, ಗಾಬರಿ ಬೇಡ, ಕ್ರಮ ಅದೇ.

ನಿಮ್ಮಲ್ಲಿ ಬಾಕ್ಸ್‌ಗೆ ಹತ್ತಿರ ಇರುವುದು 1.1, ಅಂದರೆ ಅನ್‌ಕಮಿಟೆಡ್. ಹಿಂದೆ ಇರುವ ನಾಲ್ಕು ಪೋರ್ಟಿನವು 1.0, ಅಂದರೆ ಕಮಿಟೆಡ್. ಹಾಗಾಗಿ ಕಮಾಂಡ್ ಆರ್ಡರ್ ಸಾಲಿನಲ್ಲಿ ಅನ್‌ಕಮಿಟೆಡ್ ಮೊದಲು, ಕಮಿಟೆಡ್ ಆಮೇಲೆ ಇರಬೇಕು. ಇನ್ನೂ ಒಂದಿದೆ. ಮುಂದಿನ ಸ್ವಿಚ್ ದಾರಿ ಬದಲಿಸುವ ತನಕ ಹಿಂದಿನ ಸ್ವಿಚ್‌ಗೆ ಕರೆಂಟೇ ಇರುವುದಿಲ್ಲ. ಕರೆಂಟ್ ಬಂದು ಅದು ಕಣ್ಣು ಬಿಡುವಷ್ಟರಲ್ಲಿ ಅದರ ಕಮಾಂಡ್ ಬಂದು ಹೋಗಿರುತ್ತದೆ. ಅದಕ್ಕೇ ಡೈಸೆಕ್ ರಿಪೀಟ್ ಅಂತ ಒಂದು ಸಾಲು ಕೊಟ್ಟಿರುವುದು, ಅದನ್ನು ಒಂದು ಮಾಡಿ. ಎರಡನೇ ಸಲ ಕಳಿಸಿದಾಗ ಹಿಂದಿನದು ಎದ್ದಿರುತ್ತದೆ. ಚಾನೆಲ್ ಬದಲಾಗುವುದು ಸ್ವಲ್ಪ ನಿಧಾನ ಆಗಬಹುದು, ಅದಕ್ಕೆ ಬೇಕಿಲ್ಲದೆ ಮೂರು ಅಂತ ಇಡಬೇಡಿ.

ಪ್ರಶ್ನೆ: ಮೋಟರ್ ಹಾಕಿದ್ದೇನೆ, ಯೂಸಾಲ್ಸ್ ಆರಿಸಿದ್ದೇನೆ. ಡಿಶ್ ಪ್ರತಿ ಸ್ಯಾಟಲೈಟ್‌ಗೂ ಸ್ವಲ್ಪ ಆಚೆಯೇ ನಿಲ್ಲುತ್ತದೆ. ಅಡ್ವಾನ್ಸ್ಡ್‌ನಲ್ಲಿ ಸರಿ ಮಾಡಬಹುದಾ?

ಉತ್ತರ: ಮೊದಲು ಸಂಖ್ಯೆ ನೋಡಿ. ಯೂಸಾಲ್ಸ್ ಇಟಲಿಯ ಮೋಟರ್ ಕಂಪನಿ ಸ್ಟ್ಯಾಬ್ ತಂದ ಲೆಕ್ಕ. ನೀವಿರುವ ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟರೆ ಎಷ್ಟು ತಿರುಗಬೇಕು ಅಂತ ಬಾಕ್ಸೇ ಕಂಡುಹಿಡಿಯುತ್ತದೆ. ಇದು ಸಿಂಪಲ್‌ನಲ್ಲೂ ಇದೆ, ಇದಕ್ಕಾಗಿ ಅಡ್ವಾನ್ಸ್ಡ್ ಬೇಕಿಲ್ಲ. ತಪ್ಪುವುದು ಎಲ್ಲಿ ಅಂದರೆ, ಕೆಲವರು ತಮ್ಮ ಜಾಗದ ಬದಲು ಸ್ಯಾಟಲೈಟಿನ ಡಿಗ್ರಿ ಹಾಕುತ್ತಾರೆ, ಪೂರ್ವ ಇರಬೇಕಾದ ಕಡೆ ಪಶ್ಚಿಮ ಬಿಟ್ಟಿರುತ್ತಾರೆ. ಮ್ಯಾಪ್‌ನಲ್ಲಿ 30 ನಿಮಿಷ ಅಂತ ಇದ್ದರೆ ಮೆನುವಿನಲ್ಲಿ .30 ಅಂತ ಹಾಕುವವರೂ ಇದ್ದಾರೆ, ಅದು .5 ಆಗಬೇಕು. ಈ ಕೊನೆಯದರಿಂದ ಸಣ್ಣ ಡಿಶ್‌ಗೆ ಹೇಳಿಕೊಳ್ಳುವಂಥ ನಷ್ಟ ಇಲ್ಲ.

ಸಂಖ್ಯೆ ಎಲ್ಲ ಸರಿ ಇದ್ದೂ ಎಲ್ಲ ಸ್ಯಾಟಲೈಟ್‌ಗೂ ಒಂದೇ ಕಡೆಗೆ ಅಷ್ಟಷ್ಟೇ ಆಚೆ ನಿಂತರೆ, ಮೋಟರ್ ಕಂಬದ ಮೇಲೆ ತಿರುಗಿ ಕೂತಿದೆ. ಸೊನ್ನೆಯಲ್ಲಿ ಅದು ನೇರ ದಕ್ಷಿಣ ನೋಡಬೇಕು, ಭೂಮಧ್ಯರೇಖೆಯ ಕೆಳಗಿದ್ದರೆ ನೇರ ಉತ್ತರ. ದಿಕ್ಸೂಚಿ ತೋರಿಸುವ ದಕ್ಷಿಣ ಅಲ್ಲ, ನಿಜವಾದ ದಕ್ಷಿಣ. ನಡುವೆ ಸರಿ ಇದ್ದು ಎರಡು ತುದಿಯಲ್ಲಿ ತಪ್ಪಿದರೆ ಕಂಬ ನೆಟ್ಟಗಿಲ್ಲ, ಇಲ್ಲವೇ ಎಲಿವೇಶನ್ ಸರಿಯಿಲ್ಲ. ಇದಕ್ಕೆಲ್ಲ ಸ್ಪ್ಯಾನರ್ ಬೇಕು, ರಿಮೋಟ್ ಅಲ್ಲ. ಡೈಸೆಕ್ 1.2ರಲ್ಲಿ ಒಂದೊಂದೇ ಸ್ಯಾಟಲೈಟ್ ಹುಡುಕಿ ಮೋಟರಿನ ಮೆಮೊರಿಯಲ್ಲಿ ಉಳಿಸಿ ತೇಪೆ ಹಾಕಬಹುದು. ಆದರೆ ತುದಿಯಲ್ಲಿ ಎತ್ತರವೇ ತಪ್ಪಿದ್ದರೆ ಅದೂ ಆಗದು.

ಪ್ರಶ್ನೆ: ಯೂನಿಕೇಬಲ್ ಎಲ್‌ಎನ್‌ಬಿ, ಒಂದೇ ಕೇಬಲ್‌ನಿಂದ ಎರಡು ಬಾಕ್ಸ್. ಹಾಲ್‌ನಲ್ಲಿ ಚಾನೆಲ್ ಬದಲಿಸಿದರೆ ರೂಮಿನ ಟಿವಿ ಹೋಗುತ್ತದೆ.

ಉತ್ತರ: ಎರಡೂ ಬಾಕ್ಸ್ ಒಂದೇ ಯೂಸರ್ ಬ್ಯಾಂಡ್ (ಒಂದೊಂದು ಟ್ಯೂನರಿಗೆ ಮೀಸಲಾದ ಫ್ರೀಕ್ವೆನ್ಸಿ) ಮೇಲೆ ಕೂತಿವೆ. ಎಲ್‌ಎನ್‌ಬಿ ಮೇಲೆ ಸಂಖ್ಯೆ ಮತ್ತು ಫ್ರೀಕ್ವೆನ್ಸಿ ಅಚ್ಚಾಗಿರುತ್ತದೆ, ಉದಾಹರಣೆಗೆ 1210, 1420, 1680, 2040. ಅಡ್ವಾನ್ಸ್ಡ್‌ನಲ್ಲಿ ಎಲ್‌ಒಎಫ್ ಸಾಲನ್ನು ಯೂನಿಕೇಬಲ್ ಮಾಡಿ, ಒಂದಕ್ಕೆ ಒಂದು, ಇನ್ನೊಂದಕ್ಕೆ ಬೇರೆ ಕೊಡಿ. ಸಂಖ್ಯೆ, ಫ್ರೀಕ್ವೆನ್ಸಿ ಎರಡೂ ಚೀಟಿಯಲ್ಲಿರುವ ಹಾಗೇ ಜೋಡಿಯಾಗಿ ಇರಲಿ. ಬಾಕ್ಸ್‌ನಲ್ಲಿ ಎರಡು ಟ್ಯೂನರ್ ಇದ್ದರೆ ಎರಡಕ್ಕೂ ಒಂದೊಂದು ಬೇಕು, ಅದನ್ನು ಮರೆಯುವವರೇ ಜಾಸ್ತಿ.

ಪ್ರಶ್ನೆ: ಸಿಂಪಲ್, ಇಂಟರ್‌ಮೀಡಿಯೆಟ್, ಎಕ್ಸ್‌ಪರ್ಟ್ ಅಂತ ಇನ್ನೊಂದು ಕಡೆ ಇದೆಯಲ್ಲ, ಅದೂ ಇದೂ ಒಂದೇನಾ? ಸೆಟ್ಟಿಂಗ್ ಫೈಲನ್ನೇ ನೇರ ತಿದ್ದಿದೆ, ರೀಸ್ಟಾರ್ಟ್ ಮಾಡಿದ ಮೇಲೆ ಹಳೆಯದೇ ಬಂತು.

ಉತ್ತರ: ಒಂದೇ ಅಲ್ಲ. ಅದು ಮೆನುವಿನಲ್ಲಿ ಎಷ್ಟು ಸಾಲು ಕಾಣಬೇಕು ಅನ್ನುವುದಕ್ಕೆ. ಕೆಳಗಿನ ಮಟ್ಟ ಇಟ್ಟರೆ ಸಾಲು ಮರೆಯಾಗುತ್ತದೆ. ನಾವು ಹೇಳಿದ ಸಾಲು ನಿಮ್ಮ ಬಾಕ್ಸ್‌ನಲ್ಲಿ ಕಾಣದಿದ್ದರೆ ಮೊದಲು ಇದನ್ನೇ ಎಕ್ಸ್‌ಪರ್ಟ್ ಮಾಡಿ ನೋಡಿ.

ಫೈಲ್ ವಿಷಯ: ಎನಿಗ್ಮಾ2 ನಿಲ್ಲುವಾಗ ತನ್ನ ನೆನಪಿನಲ್ಲಿರುವುದನ್ನು ಅದರ ಮೇಲೆ ಬರೆದುಬಿಡುತ್ತದೆ, ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಮೊದಲು ಟೆಲ್ನೆಟ್‌ನಲ್ಲಿ (ಕಂಪ್ಯೂಟರಿನಿಂದ ಬಾಕ್ಸ್‌ಗೆ ಕಮಾಂಡ್ ಕೊಡುವ ದಾರಿ) ಇನಿಟ್ 4 ಕೊಟ್ಟು ನಿಲ್ಲಿಸಿ, ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು ತಿದ್ದಿ, ಆಮೇಲೆ ಇನಿಟ್ 3. ಆ ಫೈಲಿನಲ್ಲಿ ಡೀಫಾಲ್ಟ್‌ಗಿಂತ ಬೇರೆ ಇರುವ ಸಾಲುಗಳಷ್ಟೇ ಇರುತ್ತವೆ, ಹುಡುಕಿದ ಸಾಲು ಸಿಗದಿದ್ದರೆ ಅದು ಡೀಫಾಲ್ಟ್‌ನಲ್ಲಿದೆ ಅಂತಲೇ ಅರ್ಥ.