ಟರ್ಕಿಯ ವಿದ್ಯಾರ್ಥಿ, ಕನ್ನಡದ ಮೇಷ್ಟರು, ಇಂಗ್ಲಿಷ್ ಮಾತು

ಪ್ರಶ್ನೆ: ಮೈಸೂರಿನಿಂದ ಆನ್‌ಲೈನ್‌ನಲ್ಲಿ ಟರ್ಕಿಯ ಕೆಲವು ಉದ್ಯೋಗಸ್ಥರಿಗೆ ಇಂಗ್ಲಿಷ್ ಮಾತನಾಡಲು ಕಲಿಸುತ್ತಿದ್ದೇನೆ. ಬರೆಯುವುದು ಚೆನ್ನಾಗಿದೆ, ಮಾತಿಗಿಳಿದರೆ ತಡವರಿಸುತ್ತಾರೆ. ಯಾವ ತಪ್ಪನ್ನು ಮೊದಲು ತಿದ್ದಲಿ?

ಉತ್ತರ: ಮೊದಲು, ನಿಮ್ಮ ಕಿವಿಗೆ ತಪ್ಪೆಂದೇ ಕೇಳಿಸದವನ್ನು. ಟರ್ಕಿಶ್‌ಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ. ಆದರೂ ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ, ಪ್ರತ್ಯಯ ಪದದ ಕೊನೆಗೆ. ಹಾಗಾಗಿ ಕೆಲವು ತಪ್ಪು ಅವರದೂ ಹೌದು, ನಮ್ಮದೂ ಹೌದು. ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’, ‘ಐ ಆಮ್ ನೋಯಿಂಗ್’, ‘ಅಕಾರ್ಡಿಂಗ್ ಟು ಮಿ’ ಇಂಥವು. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್’, ‘ಐ ನೋ’, ‘ಐ ಥಿಂಕ್’ ಎಂದು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಳ್ಳಿ.

ಇನ್ನು ಅವರದೇ ಆದವು. ಟರ್ಕಿಶ್‌ನಲ್ಲಿ ಅವನು, ಅವಳು, ಅದು ಮೂರಕ್ಕೂ ‘ಒ’ ಒಂದೇ. ತಾಯಿಯನ್ನು ‘ಹಿ’ ಎನ್ನುವುದು ನಿಯಮ ಗೊತ್ತಿಲ್ಲದೆ ಅಲ್ಲ, ಮತ್ತೆ ನಿಯಮ ಹೇಳಿ ಪ್ರಯೋಜನವಿಲ್ಲ. ಮನೆಯವರ ಒಂದು ಫೋಟೊ ಇಟ್ಟುಕೊಂಡು ಅಮ್ಮನ ಬಗ್ಗೆ ಒಂದು ನಿಮಿಷ, ಅಪ್ಪನ ಬಗ್ಗೆ ಒಂದು ನಿಮಿಷ ಮಾತಾಡಿಸಿ. ಆಮೇಲೆ ವಾಕ್ಯಕ್ಕೊಬ್ಬರಂತೆ ಅದಲು ಬದಲು ಮಾಡಿಸಿ.

ಉಚ್ಚಾರಣೆಯಲ್ಲಿ ದೊಡ್ಡ ಗುಂಡಿ ‘ತ್ರೀ’ ಮತ್ತು ‘ಟ್ರೀ’. ನಾವು ತಕಾರ, ಟಕಾರಗಳಿಂದ ಇವೆರಡನ್ನು ಬೇರೆ ಮಾಡಿ ಪಾರಾಗುತ್ತೇವೆ. ಅವರಲ್ಲಿರುವುದು ಹಲ್ಲಿಗೆ ತಾಗುವ ಒಂದೇ ‘ತ’, ಎರಡೂ ಅದರಲ್ಲೇ ಸೇರಿಹೋಗುತ್ತವೆ. ನಮ್ಮ ‘ತ್ರೀ’ ಅನುಕರಿಸಲು ಕೊಟ್ಟರೆ ಗೊಂದಲ ಹೆಚ್ಚೀತು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಸಡಿಲವಾಗಿ ಇಟ್ಟು ಎರಡು ಸೆಕೆಂಡ್ ಉಸಿರು ಬಿಡಿಸಿ. ಸದ್ದು ನಿರಂತರವಾಗಿ ಬಂದರೆ ಸರಿ, ತಟ್ಟನೆ ನಿಂತರೆ ಅದು ‘ತ’ವೇ. ಇದನ್ನು ಮೊದಲು ನೀವೇ ಕನ್ನಡಿಯ ಮುಂದೆ ಮಾಡಿ ನೋಡಿ.

‘ಸ್ಟಾಪ್’ ಅನ್ನು ‘ಸಿಟಾಪ್’ ಎನ್ನುವುದೂ ಇದೆ. ರೈಲಿಗೆ ‘ತ್ರೆನ್’ ಎಂಬ ತಮ್ಮದೇ ಮಾತನ್ನೂ ‘ತಿರೆನ್’ ಎನ್ನುವವರು ಅವರು. ನಮ್ಮ ‘ಇಸ್ಕೂಲು’ ಇದರ ಸೋದರಸಂಬಂಧಿ. ‘ಬಸ್’ ಎಂದು ಸಕಾರವನ್ನೇ ಎಳೆದು, ಬಾಯಿ ಬದಲಿಸದೆ ‘ಟಾಪ್’ ಸೇರಿಸಲಿ. ಆಮೇಲೆ ‘ಬ’ ಬಿಡಿಸಿ.

ಪದದ ಕೊನೆಯ ‘ಡ್’ ಅವರ ಬಾಯಲ್ಲಿ ‘ಟ್’ ಆಗುತ್ತದೆ: ‘ಬ್ಯಾಡ್’ ಹೋಗಿ ‘ಬ್ಯಾಟ್’. ‘ಡ್’ ಒತ್ತಿ ಹೇಳಿ ಎನ್ನಬೇಡಿ, ಒತ್ತಲು ಹೋಗಿ ನೀವೇ ‘ಬ್ಯಾಡು’ ಎನ್ನುತ್ತೀರಿ, ಅವರೂ ಕಲಿಯುತ್ತಾರೆ. ಅದರ ಹಿಂದಿನ ಸ್ವರವನ್ನು ಉದ್ದ ಮಾಡಿಸಿ. ಇಂಗ್ಲಿಷಿನವರ ಕಿವಿ ಈ ವ್ಯತ್ಯಾಸವನ್ನು ಬಹುಪಾಲು ಹಿಡಿಯುವುದು ಸ್ವರದ ಉದ್ದದಿಂದಲೇ.

ತಡವರಿಕೆಗೆ 4-3-2 ಎಂಬ ಅಭ್ಯಾಸವಿದೆ. ನಿನ್ನೆಯ ಆಫೀಸಿನ ಕೆಲಸದಂಥ ಒಂದು ವಿಷಯವನ್ನು ಒಬ್ಬರಿಗೆ 4 ನಿಮಿಷ, ಇನ್ನೊಬ್ಬರಿಗೆ 3, ಮೂರನೆಯವರಿಗೆ 2 ನಿಮಿಷದಲ್ಲಿ ಹೇಳಬೇಕು. ಏನು ಹೇಳಬೇಕೆಂಬ ಹುಡುಕಾಟ ಮೊದಲ ಸುತ್ತಿನಲ್ಲೇ ಮುಗಿಯುವುದರಿಂದ ಮುಂದೆ ನಾಲಿಗೆ ಓಡುತ್ತದೆ. ಕೇಳುಗರು ಬದಲಾಗಲೇಬೇಕು, ಅದೇ ಮನುಷ್ಯನಿಗೆ ಅದೇ ಕಥೆ ಹೇಳಲು ಯಾರಿಗೂ ಹುರುಪಿರುವುದಿಲ್ಲ. ನಡುವೆ ತಿದ್ದಬೇಡಿ, ಎರಡೇ ತಪ್ಪು ಗುರುತು ಹಾಕಿಕೊಂಡು ಕೊನೆಗೆ ಹೇಳಿ.

ವಿ, ಡಬ್ಲ್ಯೂ ಬೇರೆ ಮಾಡಿ ಹೇಳಬೇಕಾದ ‘ವೈನ್’, ‘ವೆಸ್ಟ್’ ಥರದ ಪದಗಳನ್ನು ಮಾತ್ರ ನಿಮ್ಮ ಬಾಯಿಂದ ಕಲಿಸದಿರುವುದು ಲೇಸು. ಟರ್ಕಿಶ್‌ನ 29 ಅಕ್ಷರಗಳಲ್ಲಿ ಡಬ್ಲ್ಯೂ ಇಲ್ಲ, ನಮಗೂ ಇರುವುದು ಒಂದೇ ವಕಾರ. ಆನ್‌ಲೈನ್ ನಿಘಂಟಿನ ಧ್ವನಿ ಕೇಳಿಸಿ.