ಔಷಧಿ ಯಾವಾಗ ಬಿಡ್ಬೇಕು ಅಂತ ಜೆಲ್‌ಗೆ ಹೇಗೆ ಗೊತ್ತಾಗತ್ತೆ?

ಪ್ರಶ್ನೆ: ಮೇಡಂ, ನಮ್ಮಮ್ಮಂಗೆ ಮಂಡಿ ಸವೆದಿದೆ, ದಿನಾ ನೋವಿನ ಮಾತ್ರೆ ನುಂಗ್ತಾರೆ. ಪ್ರೋಟೀನ್‌ನಿಂದ ಮಾಡಿದ ಸ್ಮಾರ್ಟ್ ಹೈಡ್ರೋಜೆಲ್ ಒಂದ್ಸಲ ಚುಚ್ಚಿಸಿದ್ರೆ ಒಳಗೇ ಕೂತು ಬೇಕಾದಾಗ ಔಷಧಿ ಬಿಡತ್ತೆ, ಜೀವಕೋಶಗಳನ್ನೂ ಹೊತ್ಕೊಂಡು ಹೋಗತ್ತೆ ಅಂತ ಓದಿದೆ. ನಿಜಾನಾ? ಅಮ್ಮಂಗೆ ಕೊಡಿಸಬಹುದಾ?

ಉತ್ತರ: ಕೈ ಕೊಯ್ಕೊಂಡಾಗ ರಕ್ತ ಹೆಪ್ಪುಗಟ್ಟತ್ತಲ್ಲ, ಅದೂ ಒಂದು ಪ್ರೋಟೀನ್ ಜೆಲ್ಲೇ. ರಕ್ತದಲ್ಲಿ ಕರಗಿರೋ ಫೈಬ್ರಿನೋಜೆನ್ ಅನ್ನೋ ಪ್ರೋಟೀನ್‌ಗೆ ಥ್ರಾಂಬಿನ್ ಅನ್ನೋ ಕಿಣ್ವ ತಾಗಿದ ತಕ್ಷಣ ಅದು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯತ್ತೆ, ಗಾಯ ಮಾಯ್ತಾ ಬಂದ ಹಾಗೆ ದೇಹದ್ದೇ ಕಿಣ್ವ ಬಂದು ಆ ಬಲೆನ ಕತ್ತರಿಸಿ ಹಾಕತ್ತೆ. ಫೈಬ್ರಿನೋಜೆನ್, ಥ್ರಾಂಬಿನ್ ಎರಡನ್ನೇ ಜೋಡಿ ಸಿರಿಂಜ್‌ನಲ್ಲಿ ತುಂಬಿ ಆಪರೇಷನ್‌ನಲ್ಲಿ ಅಂಟಿನ ಥರ ಬಳಸೋದು ಹಳೇ ಪದ್ಧತಿ.

ಹೈಡ್ರೋಜೆಲ್ ಅಂದ್ರೆ ಇಂಥದ್ದೇ ನೀರು ಹಿಡಿದಿಟ್ಟುಕೊಳ್ಳೋ ಬಲೆ. 1960ರಲ್ಲಿ ವಿಖ್ಟರ್ಲೆ ಮತ್ತು ಲಿಮ್ ಅನ್ನೋ ವಿಜ್ಞಾನಿಗಳು ಕೃತಕ ಪಾಲಿಮರ್‌ನಲ್ಲಿ (ಪ್ಲಾಸ್ಟಿಕ್ ಥರದ ವಸ್ತುವಿನಲ್ಲಿ) ಮಾಡಿ ತೋರಿಸಿದ್ರು, ಮೆತ್ತಗಿನ ಕಾಂಟ್ಯಾಕ್ಟ್ ಲೆನ್ಸ್ ಬಂದಿದ್ದು ಅದರಿಂದಾನೇ. ಪ್ರೋಟೀನ್‌ನ ವಿಶೇಷ ಏನಂದ್ರೆ ಅದನ್ನ ಕತ್ತರಿಸೋ ಕತ್ತರಿ ದೇಹದಲ್ಲಿ ಮೊದಲೇ ಇದೆ. ಊದಿಕೊಂಡಿರೋ ಕೀಲಿನಲ್ಲಿ ಎಂಎಂಪಿ ಅನ್ನೋ ಕಿಣ್ವಗಳು ಜಾಸ್ತಿ ಇರತ್ತೆ, ಅವು ಬಲೆ ಕತ್ತರಿಸಿದಷ್ಟೂ ಒಳಗೆ ಸಿಕ್ಕಿಕೊಂಡಿರೋ ಔಷಧಿ ಆಚೆ ಬರತ್ತೆ, ಊತ ಇಳಿದ್ರೆ ಕತ್ತರಿನೂ ಕಮ್ಮಿ ಔಷಧಿನೂ ಕಮ್ಮಿ. ಸ್ಮಾರ್ಟ್ ಅಂತ ಕರೆಯೋದು ಇದನ್ನ. ಹೇಳೋಕೆ ಸುಲಭ, ಆದ್ರೆ ಔಷಧಿ ಕಣ ಬಲೆಯ ಕಣ್ಣಿಗಿಂತ ಚಿಕ್ಕದಿದ್ರೆ ಕತ್ತರಿಗೆ ಕಾಯದೇ ಮೊದಲ ಕೆಲವು ಗಂಟೆಗಳಲ್ಲೇ ಸುರಿದು ಹೋಗತ್ತೆ, ಅದನ್ನ ಎಳೆಗೇ ಕಟ್ಟಿಹಾಕಬೇಕು. ನನ್ನ ಪ್ರಕಾರ ನಿಜವಾದ ಕಷ್ಟ ಇರೋದು ಇಲ್ಲೇ.

ಇನ್ನು ಬಿಸಿ. ಚರ್ಮ, ಮೂಳೆಗಳಲ್ಲಿರೋ ಕೊಲಾಜೆನ್ ಅನ್ನೋ ಪ್ರೋಟೀನ್‌ನ ದ್ರಾವಣದ ಆಮ್ಲತೆ ಸರಿಮಾಡಿ 4 ಡಿಗ್ರಿಯಲ್ಲಿಟ್ರೆ ನೀರಿನ ಥರ ಹರಿಯತ್ತೆ, ಅದೇ ಸೀಸೆನ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಲೆಕೆಳಗೆ ಮಾಡಿದ್ರೆ ಒಂದು ಹನಿನೂ ಬೀಳಲ್ಲ, ತಳದಲ್ಲೇ ಕಚ್ಕೊಂಡಿರತ್ತೆ. ಅಂದ್ರೆ ಸೂಜಿಯಲ್ಲಿ ದ್ರವವಾಗಿ ಹೋಗಿ ಮೈಯೊಳಗೆ ಗಟ್ಟಿಯಾಗತ್ತೆ. ಜೆಲಾಟಿನ್‌ದು ಉಲ್ಟಾ, ತಣ್ಣಗಿದ್ದಾಗ ಗಟ್ಟಿ, ಮೈ ಬಿಸಿಗೆ ಕರಗತ್ತೆ, ಅದಕ್ಕೇ ಅದಕ್ಕೆ ರಾಸಾಯನಿಕ ಬೆಸುಗೆ ಹಾಕ್ತಾರೆ.

ಜೀವಕೋಶಗಳ ವಿಷಯ. ಬರೀ ಸಲೈನ್‌ನಲ್ಲಿ ಚುಚ್ಚಿದ್ರೆ ಸೂಜಿಯ ಒತ್ತಡಕ್ಕೆ ಎಷ್ಟೋ ಸಾಯ್ತವೆ, ಉಳಿದಿದ್ದು ಚೆದುರಿ ಹೋಗ್ತವೆ. ಸರಿಯಾದ ಜೆಲ್ ಅವನ್ನ ಸ್ವಲ್ಪ ಕಾಪಾಡತ್ತೆ, ಕೊಲಾಜೆನ್ ಫೈಬ್ರಿನ್ ಥರದವುಗಳಲ್ಲಿ ಕೋಶಗಳು ಕಚ್ಚಿ ಹಿಡಿಯೋ ಜಾಗನೂ ಇರತ್ತೆ. ಆದ್ರೆ ಜೆಲ್ ಮುದ್ದೆ ದಪ್ಪ ಆದ್ರೆ ನಡುವೆ ಇರೋವಕ್ಕೆ ಆಮ್ಲಜನಕ ಮುಟ್ಟಲ್ಲ, ಸಾಮಾನ್ಯವಾಗಿ ರಕ್ತನಾಳದಿಂದ 100-200 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ದಾಟಿದ್ರೆ ಕೋಶ ಉಸಿರುಗಟ್ಟತ್ತೆ.

ಅಮ್ಮಂಗೆ ಈಗಲೇ ಕೊಡಿಸೋಕೆ ಹೋಗ್ಬೇಡಿ. ಇಂಥ ಸ್ಮಾರ್ಟ್ ಜೆಲ್‌ಗಳಲ್ಲಿ ಹೆಚ್ಚಿನವು ಇನ್ನೂ ಲ್ಯಾಬ್, ಪ್ರಾಣಿಗಳು ಮತ್ತು ಪ್ರಯೋಗದ ಹಂತದಲ್ಲೇ ಇವೆ. ಯಾರಾದ್ರೂ ದುಡ್ಡು ತಗೊಂಡು ಸ್ಟೆಮ್ ಸೆಲ್ ಜೆಲ್ ಹಾಕ್ತೀವಿ ಅಂದ್ರೆ ಅನುಮತಿ ಪತ್ರ ಕೇಳಿ, ಪ್ರಯೋಗ ಅಂದ್ರೆ ಅದರ ನೋಂದಣಿ ಸಂಖ್ಯೆ ಕೇಳಿ, ಜೆಲ್ ಯಾವ ಪ್ರಾಣಿಯಿಂದ ಬಂದಿದ್ದು ಅಂತಾನೂ ಕೇಳಿ, ಯಾಕಂದ್ರೆ ಕೆಲವರಿಗೆ ಅಲರ್ಜಿ ಆಗತ್ತೆ. ಸದ್ಯಕ್ಕೆ ತೊಡೆ ಸ್ನಾಯು ಗಟ್ಟಿಮಾಡೋ ವ್ಯಾಯಾಮನ ಫಿಸಿಯೋ ಹತ್ರ ಕಲಿಸಿ, ದಿನಾ ನುಂಗೋ ನೋವಿನ ಮಾತ್ರೆ ಕಿಡ್ನಿಗೆ ಏನು ಮಾಡ್ತಿದೆ ಅಂತ ಡಾಕ್ಟರ್ ಹತ್ರ ಒಂದ್ಸಲ ಟೆಸ್ಟ್ ಮಾಡ್ಸಿ.